ತರಗತಿಯ ಮೌನಕ್ಕೆ ಎಷ್ಟು ಮಿಲಿಗ್ರಾಂ?

1977ರ ಡಿಸೆಂಬರ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಪ್ರಬಂಧ ಬಂತು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರಾಬರ್ಟ್ ಸ್ಪ್ರೇಗ್ ಮತ್ತು ಎಸ್ತರ್ ಸ್ಲೀಟರ್ ಅತಿಚಟುವಟಿಕೆಯ ಮಕ್ಕಳಿಗೆ ಮಿಥೈಲ್‌ಫೆನಿಡೇಟ್ ಎಂಬ ಔಷಧವನ್ನು ಎರಡು ಪ್ರಮಾಣಗಳಲ್ಲಿ ಕೊಟ್ಟು ನೋಡಿದ್ದರು. ದೇಹತೂಕದ ಪ್ರತಿ ಕಿಲೋಗೆ 0.3 ಮಿಲಿಗ್ರಾಂ ಕೊಟ್ಟಾಗ, ಚಿತ್ರಗಳನ್ನು ನೆನಪಿಟ್ಟು ಗುರುತಿಸುವ ಪರೀಕ್ಷೆಯಲ್ಲಿ ಮಕ್ಕಳು ಚೆನ್ನಾಗಿ ಮಾಡಿದರು. ಕಿಲೋಗೆ 1 ಮಿಲಿಗ್ರಾಂ ಕೊಟ್ಟಾಗ ಅದೇ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಆದರೆ ಮಕ್ಕಳ ನಡವಳಿಕೆಗೆ ಶಿಕ್ಷಕರು ಅತಿ ಹೆಚ್ಚು ಅಂಕ ಕೊಟ್ಟದ್ದು ಈ ದೊಡ್ಡ ಡೋಸಿಗೇ. 25 ಕಿಲೋ ತೂಗುವ ಮಗುವಿನ ಲೆಕ್ಕ ಹಿಡಿದರೆ, 7.5 ಮಿಲಿಗ್ರಾಂ ಮಗುವಿನ ನೆನಪಿಗೆ ಹಿತವಾಗಿತ್ತು, 25 ಮಿಲಿಗ್ರಾಂ ತರಗತಿಗೆ ಹಿತವಾಗಿತ್ತು.

ಆಮೇಲಿನ ಪ್ರಯೋಗಗಳೆಲ್ಲ ಇದನ್ನೇ ಹೇಳಲಿಲ್ಲ. ಡೋಸ್ ಏರಿದರೂ ಕಲಿಕೆ ಕುಗ್ಗಲಿಲ್ಲ ಎಂದ ಅಧ್ಯಯನಗಳೂ ಬಂದಿವೆ. ಆ ಎರಡು ಅಂಕಿಗಳನ್ನು ಇವತ್ತು ಯಾರೂ ಸೂತ್ರವಾಗಿ ಇಟ್ಟುಕೊಂಡಿಲ್ಲ. ಆದರೆ ಆ ಪ್ರಬಂಧ ಎತ್ತಿದ ಪ್ರಶ್ನೆ ಹಾಗೇ ಉಳಿದಿದೆ. ಮಗುವಿಗೆ ಡೋಸ್ ‘ಸರಿಹೋಯಿತು’ ಎಂದು ತೀರ್ಮಾನಿಸಬೇಕಾದವರು ಯಾರು? ಶಾಲೆಯ ಮಿಸ್ಸೇ, ಅಪ್ಪ-ಅಮ್ಮನೇ, ಡಾಕ್ಟರೇ, ಅಥವಾ ಮಾತ್ರೆ ನುಂಗುವ ಮಗುವೇ?

ನಮ್ಮ ಶಾಲೆಗಳಲ್ಲಿ ಈ ಪ್ರಶ್ನೆಗೆ ಇನ್ನೂ ಹೆಚ್ಚು ತೂಕವಿದೆ. ‘ಕೈ ಕಟ್ಟು, ಬಾಯಿ ಮುಚ್ಚು’ ಎಂಬುದನ್ನು ಅಕ್ಷರಕ್ಕಿಂತ ಮೊದಲು ಕಲಿಸುವ ತರಗತಿಗಳು ನಮ್ಮವು. ಮೇಷ್ಟ್ರು ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಲೀಡರ್ ಇಲ್ಲದ ಶಾಲೆ ಕರ್ನಾಟಕದಲ್ಲಿ ಎಷ್ಟಿದ್ದೀತು? ಐವತ್ತು ಮಕ್ಕಳನ್ನು ಒಬ್ಬರೇ ಸಂಭಾಳಿಸುವ ಶಿಕ್ಷಕಿಗೆ, ಸೀಟಿನಿಂದ ಮತ್ತೆ ಮತ್ತೆ ಏಳುವ ಒಬ್ಬ ಹುಡುಗ ಕೂತುಬಿಟ್ಟರೆ ಅದೇ ದೊಡ್ಡ ಉಪಕಾರ. ಅವರನ್ನು ದೂರಿ ಪ್ರಯೋಜನವಿಲ್ಲ. ಆದರೆ ‘ಈಗ ತೊಂದರೆ ಇಲ್ಲ, ಸುಮ್ಮನೆ ಕೂರ್ತಾನೆ’ ಎಂಬ ಒಂದು ವಾಕ್ಯ ಮನೆಗೆ ಬಂದು, ಮನೆಯಿಂದ ಡಾಕ್ಟರ ಬಳಿಗೆ ಹೋಗಿ, ಅಲ್ಲಿ ‘ಇದೇ ಡೋಸ್ ಮುಂದುವರಿಸಿ’ ಎಂಬ ಚೀಟಿಯಾಗುವುದರಲ್ಲಿ ತಕರಾರು ಇದೆ. ಸುಮ್ಮನೆ ಕೂತ ಹುಡುಗ ಪಾಠ ಕೇಳುತ್ತಿದ್ದಾನೆಯೇ, ಮಂಕಾಗಿ ಕೂತಿದ್ದಾನೆಯೇ ಎಂದು ಆ ವಾಕ್ಯದಿಂದ ತಿಳಿಯುವುದಿಲ್ಲ.

ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿಚಟುವಟಿಕೆಯ ಸಮಸ್ಯೆ, ಇದರ ಔಷಧದ ಬಗ್ಗೆ ಕನ್ನಡದಲ್ಲಿ ನಡೆಯುವ ವಾದವೆಲ್ಲ ಬಹುಪಾಲು ‘ಕೊಡಬೇಕೇ, ಬೇಡವೇ’ ಎಂಬಲ್ಲೇ ಮುಗಿಯುತ್ತದೆ. ‘ಅಷ್ಟು ಚಿಕ್ಕ ಮಗುವಿಗೆ ತಲೆಯ ಮಾತ್ರೆಯೇ?’ ಎಂದು ಅಜ್ಜಿ ಕೇಳುತ್ತಾರೆ. ಅಜ್ಜಿಯ ಆತಂಕ ಸುಳ್ಳಲ್ಲ. ಆದರೆ ವೈದ್ಯರು ತಪಾಸಣೆ ಮಾಡಿ, ಮನೆಯವರು ಒಪ್ಪಿ ಔಷಧ ಶುರುವಾದ ಮೇಲೆ ನಿಜವಾದ ಕೆಲಸ ಶುರುವಾಗಬೇಕು. ಎಷ್ಟು, ದಿನದ ಯಾವ ಹೊತ್ತಿಗೆ, ಯಾವ ಲಕ್ಷಣಕ್ಕಾಗಿ? ವಾರಗಟ್ಟಲೆ ಮಗುವನ್ನು ಗಮನಿಸಿಯೇ ಇದನ್ನು ಕಂಡುಕೊಳ್ಳಬೇಕು. ಹಾಗೆ ಗಮನಿಸುವುದಕ್ಕೆ ನಮ್ಮ ಆಸ್ಪತ್ರೆ, ಶಾಲೆ, ಕಾನೂನು ಮೂರರಲ್ಲೂ ಜಾಗವಿಲ್ಲ.

ಔಷಧ ಹೊಸದೇನಲ್ಲ. 1937ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಮಕ್ಕಳ ಆಸ್ಪತ್ರೆಯೊಂದರಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ 30 ಮಕ್ಕಳಿಗೆ ಬೆಂಜೆಡ್ರಿನ್ ಎಂಬ ಉತ್ತೇಜಕವನ್ನು ಕೊಟ್ಟಾಗ, ಸುಮಾರು ಅರ್ಧದಷ್ಟು ಮಕ್ಕಳ ಓದಿನಲ್ಲಿ ಎದ್ದುಕಾಣುವ ಬದಲಾವಣೆಯಾಯಿತು. ಮಕ್ಕಳೇ ಅದಕ್ಕೆ ‘ಲೆಕ್ಕದ ಮಾತ್ರೆ’ ಎಂದು ಹೆಸರಿಟ್ಟರಂತೆ. ಮಿಥೈಲ್‌ಫೆನಿಡೇಟ್ ಬಂದದ್ದು 1944ರಲ್ಲಿ, ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೊ ಪ್ಯಾನಿಜಾನ್ ಅವರ ಪ್ರಯೋಗಶಾಲೆಯಿಂದ. ಅವರ ಹೆಂಡತಿ ಟೆನಿಸ್ ಆಡುವ ಮೊದಲು ಇದನ್ನು ತೆಗೆದುಕೊಳ್ಳುತ್ತಿದ್ದರು. ಆಕೆಯನ್ನು ಮನೆಯಲ್ಲಿ ರೀಟಾ ಎಂದು ಕರೆಯುತ್ತಿದ್ದರಿಂದ ಮಾತ್ರೆ ‘ರಿಟಾಲಿನ್’ ಆಯಿತು. ಮಿದುಳಿನ ನರಕೋಶಗಳ ನಡುವೆ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಬೇಗ ಮರಳಿ ಹೀರಿಹೋಗದಂತೆ ಈ ಔಷಧ ತಡೆಯುತ್ತದೆ. ಮಂಪರು ತರಿಸಿ ಮಗುವನ್ನು ಮಲಗಿಸುವ ಮಾತ್ರೆ ಇದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ, ಅದು ತಪ್ಪು.

ಇನ್ನೊಂದು ತಪ್ಪು ನಂಬಿಕೆ ಡೋಸಿಗೆ ನೇರವಾಗಿ ಸಂಬಂಧಿಸಿದ್ದು. ಜ್ವರದ ಸಿರಪ್ಪನ್ನು ತೂಕ ನೋಡಿ ಅಳೆದು ಕೊಟ್ಟು ಅಭ್ಯಾಸವಾದ ತಂದೆ-ತಾಯಿ ಇದಕ್ಕೂ ಹಾಗೊಂದು ಲೆಕ್ಕವಿರಬೇಕು ಎಂದುಕೊಳ್ಳುತ್ತಾರೆ. ‘ಪಕ್ಕದ ಮನೆ ಹುಡುಗನಿಗೆ 10, ಇವನು ಅವನಿಗಿಂತ ದಪ್ಪ, ಇವನಿಗೆ ಯಾಕೆ 5?’ ಮಿಥೈಲ್‌ಫೆನಿಡೇಟ್ ಮಟ್ಟಿಗೆ ತೂಕ ಹೆಚ್ಚೇನೂ ಹೇಳುವುದಿಲ್ಲ. ಅದನ್ನು ಒಡೆದು ಹೊರಹಾಕುವ ಕೆಲಸ ಮುಖ್ಯವಾಗಿ ಯಕೃತ್ತಿನ ಒಂದು ಕಿಣ್ವದ್ದು. ಅದರ ಚುರುಕು ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ಅದಕ್ಕೇ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಮಾರ್ಗಸೂಚಿ, ಕಡಿಮೆಯಿಂದ ಆರಂಭಿಸಿ, ಅಡ್ಡಪರಿಣಾಮ ತಾಳುವಷ್ಟರಲ್ಲಿ ಅತಿ ಹೆಚ್ಚು ಪ್ರಯೋಜನ ಸಿಗುವವರೆಗೆ ಏರಿಸುತ್ತ ಹೋಗಿ ಎನ್ನುತ್ತದೆ. 20 ಕಿಲೋದ ಹುಡುಗಿಗೆ 20 ಮಿಲಿಗ್ರಾಂ ಬೇಕಾಗಬಹುದು, 45 ಕಿಲೋದ ಅವಳಣ್ಣನಿಗೆ 10 ಸಾಕಾಗಬಹುದು. ಉತ್ತೇಜಕವಲ್ಲದ ಅಟೊಮಾಕ್ಸೆಟಿನ್‌ದು ಬೇರೆ ಕಥೆ. ಅದನ್ನು ತೂಕದ ಮೇಲೆಯೇ ಲೆಕ್ಕ ಹಾಕುತ್ತಾರೆ: ಕಿಲೋಗೆ ದಿನಕ್ಕೆ 0.5 ಮಿಲಿಗ್ರಾಂನಿಂದ ಆರಂಭಿಸಿ ಸಾಮಾನ್ಯವಾಗಿ 1.2ಕ್ಕೆ ಒಯ್ಯುತ್ತಾರೆ. ಅದರ ಪೂರ್ಣ ಪರಿಣಾಮಕ್ಕೆ ವಾರಗಳೇ ಬೇಕು. ಮಿಥೈಲ್‌ಫೆನಿಡೇಟ್ ಅರ್ಧ-ಮುಕ್ಕಾಲು ಗಂಟೆಯಲ್ಲೇ ಕೆಲಸ ಶುರು ಮಾಡುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದ ಮನೆಯಲ್ಲಿ ಅಟೊಮಾಕ್ಸೆಟಿನ್ ಹತ್ತನೇ ದಿನಕ್ಕೇ ‘ಕೆಲಸಕ್ಕೆ ಬಾರದ ಮಾತ್ರೆ’ ಎನಿಸಿಕೊಂಡು ಕಪಾಟು ಸೇರುತ್ತದೆ.

ಬಿಪಿ ಮಾತ್ರೆಯ ಡೋಸ್ ಎರಡು ಸಲ ಬದಲಾದರೆ ನಮ್ಮಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಅಳೆದರೆ ಅಂಕಿ ಕಣ್ಣಿಗೆ ಕಾಣುತ್ತದೆ. ಗಮನವನ್ನು ಅಳೆಯಲು ಅಂಥ ಪಟ್ಟಿಯಿಲ್ಲ. ಇಲ್ಲಿ ಅಳತೆಯ ಯಂತ್ರವೆಂದರೆ ಮಗುವಿನ ಸುತ್ತಲಿನ ಮನುಷ್ಯರು. ಆದ್ದರಿಂದ ಅವರು ಏನನ್ನು ನೋಡುತ್ತಾರೆ, ಎಷ್ಟು ನಿಷ್ಠೆಯಿಂದ ಬರೆದಿಡುತ್ತಾರೆ ಎಂಬುದೇ ಚಿಕಿತ್ಸೆಯ ಅರ್ಧ ಭಾಗ.

ಈ ಕೆಲಸವನ್ನು ಅತ್ಯಂತ ಅಚ್ಚುಕಟ್ಟಾಗಿ ಮಾಡಿ ತೋರಿಸಿದ್ದು ‘ಎಂಟಿಎ’ ಎಂದೇ ಹೆಸರಾದ ಅಧ್ಯಯನ. ಉತ್ತರ ಅಮೆರಿಕದ ಹಲವು ಕೇಂದ್ರಗಳಲ್ಲಿ 7ರಿಂದ 9 ವರ್ಷದ 579 ಮಕ್ಕಳನ್ನು ನಾಲ್ಕು ಗುಂಪು ಮಾಡಿ 14 ತಿಂಗಳು ಗಮನಿಸಿದರು. ಮೊದಲ ಫಲಿತಾಂಶ ಪ್ರಕಟವಾದದ್ದು 1999ರಲ್ಲಿ. ಔಷಧದ ಗುಂಪುಗಳಿಗೆ ಸೇರಿದ ಮಕ್ಕಳಿಗೆ ಮೊದಲ 28 ದಿನ ಡೋಸ್ ಹುಡುಕಾಟವೇ ಕೆಲಸ. ಒಂದು ದಿನ 5 ಮಿಲಿಗ್ರಾಂ, ಇನ್ನೊಂದು ದಿನ 15, ಮತ್ತೊಂದು ದಿನ ಔಷಧವೇ ಇಲ್ಲದ ಹುಸಿ ಮಾತ್ರೆ, ಹೀಗೆ ದಿನ ದಿನವೂ ಬದಲು. ಇವತ್ತಿನದು ಯಾವುದು ಎಂದು ಮಗುವಿಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿಲ್ಲ, ಶಿಕ್ಷಕರಿಗೂ ಗೊತ್ತಿಲ್ಲ. ಅಪ್ಪ-ಅಮ್ಮ ಮತ್ತು ಶಿಕ್ಷಕರು ಪ್ರತಿದಿನ ಅಂಕ ಹಾಕಬೇಕು. ಕೊನೆಗೆ ಆ ಅಂಕಗಳ ನಕ್ಷೆಯನ್ನು ಪರಿಣತರು ನೋಡಿ, ಯಾವ ದಿನಗಳು ಚೆನ್ನಾಗಿದ್ದವು ಎಂದು ಆರಿಸಿದರು.

ಹುಡುಕಾಟ ಮುಗಿಸಿದ 256 ಮಕ್ಕಳಲ್ಲಿ 198 ಮಕ್ಕಳಿಗೆ ಮಿಥೈಲ್‌ಫೆನಿಡೇಟಿನ ಒಂದಲ್ಲ ಒಂದು ಡೋಸ್ ಹೊಂದಿತು. 26 ಮಕ್ಕಳಿಗೆ ಬೇರೆ ಔಷಧ ಹುಡುಕಬೇಕಾಯಿತು. ಉಳಿದ 32 ಮಕ್ಕಳು ಹುಸಿ ಮಾತ್ರೆಯ ದಿನಗಳಲ್ಲೇ ಎಷ್ಟು ಚೆನ್ನಾಗಿದ್ದರೆಂದರೆ, ಅವರಿಗೆ ಆಗ ಔಷಧ ಶುರು ಮಾಡಲಿಲ್ಲ. ಈ 32 ಮಕ್ಕಳು ನಮ್ಮೂರಿನ ಹೊರರೋಗಿ ವಿಭಾಗಕ್ಕೆ ಬಂದಿದ್ದರೆ? ಮಾತ್ರೆ ಬರೆಯಲಾಗುತ್ತಿತ್ತು, ಮನೆಯವರು ‘ಸುಧಾರಿಸಿದ್ದಾನೆ’ ಎನ್ನುತ್ತಿದ್ದರು, ಮಾತ್ರೆ ವರ್ಷಗಟ್ಟಲೆ ಮುಂದುವರಿಯುತ್ತಿತ್ತು. ಯಾರ ತಪ್ಪೂ ಇಲ್ಲದೆ ಆಗುವ ತಪ್ಪು ಇದು.

ಇಷ್ಟು ಕಷ್ಟಪಟ್ಟು ಹುಡುಕಿದ ಡೋಸ್ ಎಷ್ಟು ಕಾಲ ಬಾಳಿತು? ಹುಡುಕಾಟದಲ್ಲಿ ತಕ್ಕ ಚಿಕಿತ್ಸೆ ಗೊತ್ತಾದ ಮಕ್ಕಳ ಪೈಕಿ ಅದೇ ಔಷಧವನ್ನು ಅದೇ ಪ್ರಮಾಣದಲ್ಲಿ ಅಧ್ಯಯನದ ಕೊನೆಯವರೆಗೂ ತೆಗೆದುಕೊಂಡವರು ಶೇ 17ರಷ್ಟು ಮಾತ್ರ. ಉಳಿದವರಿಗೆ ನಡುವೆ ಬದಲಿಸಬೇಕಾಯಿತು. ಸರಾಸರಿ ಒಂದು ಮಗುವಿಗೆ ಮೂರರ ಹತ್ತಿರ ಸಲ. ಅಷ್ಟು ಶಿಸ್ತಿನ ಪ್ರಯೋಗದಲ್ಲೇ ಡೋಸ್ ನಿಲ್ಲಲಿಲ್ಲ. ಮೊದಲ ಭೇಟಿಯಲ್ಲಿ ಬರೆದ ಚೀಟಿಯನ್ನೇ ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡ ಹಾಗೆ ಎರಡು ವರ್ಷ ನಡೆಸಿದರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ.

ಎಂಟಿಎಯ ನಾಲ್ಕನೇ ಗುಂಪಿನ ಮಕ್ಕಳಿಗೆ ಅಧ್ಯಯನದ ವೈದ್ಯರು ಚಿಕಿತ್ಸೆ ಕೊಡಲಿಲ್ಲ. ಅವರು ತಮ್ಮ ತಮ್ಮ ಊರಿನ ಡಾಕ್ಟರ ಹತ್ತಿರ ಹೋದರು. ಅವರಲ್ಲೂ ಮೂರನೇ ಎರಡರಷ್ಟು ಮಕ್ಕಳಿಗೆ ಇಂಥದ್ದೇ ಔಷಧ ಸಿಕ್ಕಿತು. ಆದರೂ ಅಧ್ಯಯನದ ಔಷಧ ಗುಂಪಿನಷ್ಟು ಸುಧಾರಣೆ ಕಾಣಲಿಲ್ಲ. ಮಾತ್ರೆ ಹೆಚ್ಚು ಕಡಿಮೆ ಒಂದೇ. ಬೇರೆಯಾದದ್ದು ಅದನ್ನು ಕೊಟ್ಟ ಬಗೆ. ಅಧ್ಯಯನದಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆಯ ಭೇಟಿ ಇತ್ತು, ಶಿಕ್ಷಕರಿಗೆ ಫೋನ್ ಮಾಡಿ ಕೇಳುವ ಪದ್ಧತಿ ಇತ್ತು, ದಿನಕ್ಕೆ ಮೂರು ಸಲದ ಮಾತ್ರೆ ಇತ್ತು. ಊರಿನ ಡಾಕ್ಟರ ಬಳಿ ವರ್ಷಕ್ಕೆ ಕೆಲವೇ ಭೇಟಿ, ಸಾಮಾನ್ಯವಾಗಿ ದಿನಕ್ಕೆ ಎರಡು ಸಲ ಮಾತ್ರೆ, ಸರಾಸರಿ ಡೋಸೂ ಕಡಿಮೆ: ದಿನಕ್ಕೆ 23 ಮಿಲಿಗ್ರಾಂನ ಆಸುಪಾಸು. ಔಷಧ ಮಾತ್ರ ಪಡೆದ ಗುಂಪಿನಲ್ಲಿ ಅದು 38ರ ಹತ್ತಿರ. ಔಷಧದ ಜೊತೆಗೆ ತಂದೆ-ತಾಯಿಗೆ ತರಬೇತಿ, ಶಾಲೆಯಲ್ಲಿ ನೆರವು ಎರಡೂ ಸಿಕ್ಕ ಗುಂಪಿನಲ್ಲಿ 31ರಷ್ಟಕ್ಕೇ ಕೆಲಸವಾಯಿತು. ‘ಮಾತ್ರೆ ಕಡಿಮೆ ಮಾಡಿ ಡಾಕ್ಟ್ರೇ’ ಎಂದು ಬೇಡಿಕೊಳ್ಳುವ ಪ್ರತಿ ಅಪ್ಪ-ಅಮ್ಮನಿಗೂ ತಿಳಿಯಬೇಕಾದ ಅಂಕಿ ಇದು. ಮನೆಯ ಮತ್ತು ಶಾಲೆಯ ವಾತಾವರಣ ಬದಲಾದರೆ ಮಿಲಿಗ್ರಾಂ ಇಳಿಸಲು ಜಾಗ ಸಿಗುತ್ತದೆ.

ಡೋಸ್ ಎಂದರೆ ಎಷ್ಟು ಎನ್ನುವುದೊಂದೇ ಅಲ್ಲ, ಯಾವಾಗ ಎನ್ನುವುದೂ ಹೌದು. ಸಾಧಾರಣ ಮಿಥೈಲ್‌ಫೆನಿಡೇಟ್ ಮಾತ್ರೆಯ ಪರಿಣಾಮ ಮೂರರಿಂದ ನಾಲ್ಕು ಗಂಟೆ. ಬೆಳಗ್ಗೆ ಏಳೂವರೆಗೆ ನುಂಗಿಸಿ ವ್ಯಾನ್ ಹತ್ತಿಸಿದರೆ ಹನ್ನೊಂದೂವರೆಯ ಹೊತ್ತಿಗೆ ಇಳಿದಿರುತ್ತದೆ. ಗಣಿತದ ಪೀರಿಯಡ್ ಊಟದ ನಂತರ ಇದ್ದರೆ, ಆ ಗಣಿತದ ಮೇಷ್ಟ್ರು ಕಂಡದ್ದು ಮಾತ್ರೆ ಇಲ್ಲದ ಹುಡುಗನನ್ನೇ. ‘ಮಾತ್ರೆ ತಗೊಂಡರೂ ಅಷ್ಟೇ’ ಎಂದು ಅವರು ಡೈರಿಯಲ್ಲಿ ಬರೆದರೆ, ಡಾಕ್ಟರು ಬೆಳಗಿನ ಡೋಸನ್ನು ಏರಿಸುವ ಸಾಧ್ಯತೆ ಇದೆ. ಆಗ ಬೆಳಗ್ಗೆ ಮಗು ಅತಿಯಾಗಿ ಮಂಕು, ಮಧ್ಯಾಹ್ನ ಮೊದಲಿನ ಹಾಗೇ. ಬೇಕಿದ್ದದ್ದು ಬಿಸಿಯೂಟದ ಹೊತ್ತಿಗೆ ಇನ್ನೊಂದು ಸಣ್ಣ ಡೋಸ್. ಅದನ್ನು ಕೊಡುವವರು ಯಾರು? ಶಾಲೆಯಲ್ಲಿ ಮಾತ್ರೆ ಇಟ್ಟುಕೊಳ್ಳಲು ಮುಖ್ಯೋಪಾಧ್ಯಾಯರು ಹೆದರುತ್ತಾರೆ, ಗೆಳೆಯರ ಎದುರು ನುಂಗಲು ಮಗು ನಾಚುತ್ತದೆ. ಸಂಜೆ ಟ್ಯೂಷನ್ ಹೊತ್ತಿಗಂತೂ ರಕ್ತದಲ್ಲಿ ಔಷಧ ಉಳಿದಿರುವುದೇ ಕಡಿಮೆ. ಕೆಲವು ಮಕ್ಕಳಲ್ಲಿ ಔಷಧ ಇಳಿಯುವ ಆ ಒಂದು ಗಂಟೆ ಸಿಡಿಮಿಡಿ, ಅಳು, ಹಟ ಎಲ್ಲ ಒಟ್ಟಿಗೆ ಬರುತ್ತವೆ. ಅಮ್ಮ ಆಫೀಸಿನಿಂದ ಮನೆ ಸೇರುವುದೂ ಅದೇ ಗಂಟೆಗೆ.

ದಿನವಿಡೀ ಒಂದೇ ಮಟ್ಟದಲ್ಲಿ ಔಷಧ ಸುರಿದರೆ ಸಾಲದೇ ಎಂದು ಕ್ಯಾಲಿಫೋರ್ನಿಯಾದ ಜೇಮ್ಸ್ ಸ್ವಾನ್ಸನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಪರೀಕ್ಷಿಸಿದ್ದರು. ಮಕ್ಕಳಿಗೆ ಸ್ವಲ್ಪ ಸ್ವಲ್ಪವೇ ಔಷಧವನ್ನು ದಿನದುದ್ದಕ್ಕೂ ಕೊಟ್ಟು ನೋಡಿದಾಗ, ಮಟ್ಟ ಸಮನಾಗಿದ್ದರೂ ಮಧ್ಯಾಹ್ನದ ಹೊತ್ತಿಗೆ ಪರಿಣಾಮ ಕುಗ್ಗಿತ್ತು. ನಿಧಾನವಾಗಿ ಏರುತ್ತ ಹೋದರೆ ಮಾತ್ರ ಸಂಜೆವರೆಗೆ ನಿಲ್ಲುತ್ತಿತ್ತು. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಕಾನ್ಸರ್ಟಾ’ ಮಾತ್ರೆಯ ರಚನೆ ಇದೇ ತಿಳಿವಳಿಕೆಯಿಂದ ಬಂದದ್ದು. ಹೊರಪದರದಲ್ಲಿ ಸುಮಾರು ಐದನೇ ಒಂದು ಭಾಗ ಬೇಗ ಕರಗುತ್ತದೆ, ಉಳಿದದ್ದನ್ನು ಒಳಗಿನ ಪುಟ್ಟ ಪಂಪು ಗಂಟೆಗಟ್ಟಲೆ ಹೊರಗೆ ತಳ್ಳುತ್ತದೆ. ಖಾಲಿ ಚಿಪ್ಪು ಮಲದಲ್ಲಿ ಹಾಗೇ ಬೀಳುವುದನ್ನು ಕಂಡು ಮಾತ್ರೆ ಜೀರ್ಣವೇ ಆಗಿಲ್ಲ ಎಂದು ಗಾಬರಿಯಾಗುವವರಿದ್ದಾರೆ. ಗಾಬರಿ ಬೇಕಿಲ್ಲ. ನಿಜವಾಗಿ ಹೆದರಬೇಕಾದದ್ದು ಚಾಕುವಿಗೆ. ‘ಅರ್ಧ ಮಾತ್ರೆ, ಕಾಲು ಮಾತ್ರೆ’ ಎಂದೇ ಡೋಸ್ ಲೆಕ್ಕ ಹಾಕುವ ರೂಢಿ ನಮ್ಮದು. ನಿಧಾನವಾಗಿ ಕರಗಬೇಕಾದ ಇಂಥ ಮಾತ್ರೆಯನ್ನು ಕತ್ತರಿಸಿದರೆ ಇಡೀ ದಿನಕ್ಕೆ ಹಂಚಬೇಕಾದ ಔಷಧ ಒಂದೇ ಸಲ ಮೈಗಿಳಿಯುತ್ತದೆ.

ಅಡ್ಡಪರಿಣಾಮಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಹಸಿವು. ಡಬ್ಬಿಗೆ ಹಾಕಿಕೊಟ್ಟ ಚಿತ್ರಾನ್ನ ಸಂಜೆ ಹಾಗೇ ವಾಪಸು ಬರುತ್ತದೆ. ಮೊದಲು ತಿಂಡಿ, ಆಮೇಲೆ ಮಾತ್ರೆ. ರಾತ್ರಿ ಹಸಿವು ಮರಳಿದಾಗ ಹೊಟ್ಟೆ ತುಂಬ ಊಟ. ಅನುಭವಿ ತಾಯಂದಿರು ಇದನ್ನು ತಾವೇ ಕಂಡುಕೊಂಡಿರುತ್ತಾರೆ. ನಿದ್ದೆ ತಡವಾಗುವುದು, ಹೊಟ್ಟೆನೋವು, ತಲೆನೋವು, ನಾಡಿಬಡಿತ ತುಸು ಏರುವುದು ಇತರ ದೂರುಗಳು. ಎತ್ತರದ ವಿಷಯದಲ್ಲಿ ಅಂಕಿ ಸ್ಪಷ್ಟವಿದೆ: ಎಂಟಿಎಯಲ್ಲಿ ಹೊಸದಾಗಿ ಔಷಧ ಆರಂಭಿಸಿ ಮುಂದುವರಿಸಿದ ಮಕ್ಕಳು ಮೂರು ವರ್ಷಗಳ ನಂತರ, ಔಷಧ ಪಡೆಯದವರಿಗಿಂತ ಸರಾಸರಿ 2 ಸೆಂಟಿಮೀಟರ್ ಗಿಡ್ಡ, 2.7 ಕಿಲೋ ಹಗುರವಾಗಿದ್ದರು. ಬ್ರಿಟನ್ನಿನ ‘ನೈಸ್’ ಸಂಸ್ಥೆಯ 2018ರ ಮಾರ್ಗಸೂಚಿ ಆರು ತಿಂಗಳಿಗೊಮ್ಮೆ ಎತ್ತರ, ಹತ್ತು ವರ್ಷದವರೆಗಿನ ಮಕ್ಕಳಿಗೆ ಮೂರು ತಿಂಗಳಿಗೊಮ್ಮೆ ತೂಕ, ಡೋಸ್ ಬದಲಾದಾಗೆಲ್ಲ ನಾಡಿ ಮತ್ತು ರಕ್ತದೊತ್ತಡ ನೋಡಲೇಬೇಕು ಎನ್ನುತ್ತದೆ. ಅಳತೆಪಟ್ಟಿಗೂ ತಕ್ಕಡಿಗೂ ದುಡ್ಡು ಬೇಕಿಲ್ಲ. ನೋಡಿ ಬರೆದಿಡುವ ಅಭ್ಯಾಸ ಬೇಕು.

ಅಳತೆಪಟ್ಟಿಗೆ ಸಿಗದ ಪರಿಣಾಮವೂ ಒಂದಿದೆ. ‘ಅವನು ಅವನ ಹಾಗೇ ಇಲ್ಲ’ ಎಂದು ತಾಯಿ ಹೇಳುತ್ತಾಳೆ. ಜೋಕು ಹೇಳುತ್ತಿದ್ದವನು ಹೇಳುವುದಿಲ್ಲ. ಬಿಡುವಿನಲ್ಲಿ ಆಡಲು ಹೋಗುವುದಿಲ್ಲ. ಒಂದೇ ಪುಟವನ್ನು ಅರ್ಧ ಗಂಟೆ ನೋಡುತ್ತ ಕೂರುತ್ತಾನೆ. ಹಲವು ಸಲ ಇದರರ್ಥ ಡೋಸ್ ಹೆಚ್ಚಾಗಿದೆ ಎಂದು. ಇಳಿಸಿದರೆ ಅಥವಾ ಔಷಧ ಬದಲಿಸಿದರೆ ಮಗು ಮರಳಿ ಬರುತ್ತದೆ. ಶಾಲೆ ಇದೇ ಸ್ಥಿತಿಯನ್ನು ‘ಸುಧಾರಣೆ’ ಎಂದು ಬರೆದಿರುವ ಸಂಭವ ಉಂಟು. ಮನೆಯವರೋ ಹೆದರಿ, ಡಾಕ್ಟರಿಗೂ ಹೇಳದೆ ಔಷಧವನ್ನೇ ನಿಲ್ಲಿಸಿರುತ್ತಾರೆ. ಎರಡೂ ತಪ್ಪು ದಾರಿ. ಇವೆರಡರ ನಡುವೆ ಇದ್ದ ದಾರಿ, ಒಂದು ಹಂತ ಕೆಳಗಿಳಿಯುವುದು, ಯಾರಿಗೂ ಹೊಳೆದಿರುವುದಿಲ್ಲ.

ಇನ್ನು ಹೆಣ್ಣುಮಕ್ಕಳು. ಎಡಿಎಚ್‌ಡಿ ಇರುವ ಹುಡುಗಿಯರಲ್ಲಿ ಹಲವರು ಗಲಾಟೆ ಮಾಡುವುದಿಲ್ಲ. ಕಿಟಕಿಯಾಚೆ ನೋಡುತ್ತಾರೆ, ಪುಸ್ತಕ ಮರೆಯುತ್ತಾರೆ, ಪ್ರಶ್ನೆಪತ್ರಿಕೆಯ ಕೊನೆಯ ಪುಟ ತಿರುಗಿಸುವುದನ್ನೇ ಬಿಟ್ಟುಬಿಡುತ್ತಾರೆ. ‘ಪಾಪದ ಹುಡುಗಿ, ಸ್ವಲ್ಪ ಮಂದ’ ಎಂದು ಅವಳಿಗೆ ಹಣೆಪಟ್ಟಿ ಬಿದ್ದಿರುತ್ತದೆ. ಮೌನವೇ ಅಳತೆಗೋಲಾದ ತರಗತಿಯಲ್ಲಿ ಇವಳಿಗೆ ಡೋಸ್ ಹೊಂದಿತೇ ಎಂದು ತಿಳಿಯುವುದು ಹೇಗೆ? ಅವಳು ಮೊದಲೂ ಸುಮ್ಮನಿದ್ದಳು, ಈಗಲೂ ಸುಮ್ಮನಿದ್ದಾಳೆ. ಲೆಕ್ಕದ ನೋಟ್‌ಬುಕ್ಕಿನಲ್ಲಿ ಅರ್ಧಕ್ಕೆ ನಿಂತ ಲೆಕ್ಕಗಳು ಎಷ್ಟು ಕಡಿಮೆಯಾದವು, ತಿಂಗಳಿಗೆ ಎಷ್ಟು ಪೆನ್ಸಿಲ್ ಕಳೆದವು ಎಂದು ನೋಡುವವರು ಬೇಕು. ಬೇರೆ ದಾರಿಯಿಲ್ಲ.

ಔಷಧದ ಬಗ್ಗೆ ಸಂಶಯ ಪಡುವವರ ವಾದವನ್ನೂ ತಳ್ಳಿಹಾಕುವಂತಿಲ್ಲ. ಎಂಟಿಎಯ ಗುಂಪುಗಳ ನಡುವಿನ ವ್ಯತ್ಯಾಸ ಮೂರು ವರ್ಷಗಳ ಹೊತ್ತಿಗೆ ಅಳಿಸಿಹೋಗಿತ್ತು. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿನೋಡುವ ಕಾಕ್ರೇನ್ ಸಂಸ್ಥೆಯ 2015ರ ಪರಿಶೀಲನೆ ಮಿಥೈಲ್‌ಫೆನಿಡೇಟ್ ಪ್ರಯೋಗಗಳ ಗುಣಮಟ್ಟ ಕಳಪೆ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ಅತ್ಯಗತ್ಯ ಔಷಧಗಳ ಪಟ್ಟಿಗೆ ಇದನ್ನು ಸೇರಿಸಬೇಕೆಂಬ ಮನವಿಯನ್ನು 2019ರಲ್ಲೂ 2021ರಲ್ಲೂ ಒಪ್ಪಲಿಲ್ಲ. ಇನ್ನೊಂದು ಕಡೆ, 2018ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ಯಲ್ಲಿ ಬಂದ, 133 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆ, ಅಲ್ಪಾವಧಿಯಲ್ಲಿ ಮಕ್ಕಳಿಗೆ ಮೊದಲ ಆಯ್ಕೆಯಾಗಿ ಮಿಥೈಲ್‌ಫೆನಿಡೇಟನ್ನೇ ಸೂಚಿಸಿತು. ಆರು ವರ್ಷದೊಳಗಿನವರ ವಿಷಯದಲ್ಲಿ ಹೆಚ್ಚು ಗೊಂದಲವಿಲ್ಲ: ಮೊದಲು ತಂದೆ-ತಾಯಿಗೆ ತರಬೇತಿ, ಔಷಧ ಆಮೇಲೆ. ಆ ವಯಸ್ಸಿನವರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಪ್ರಯೋಜನ ದೊಡ್ಡ ಮಕ್ಕಳಿಗಿಂತ ಕಡಿಮೆ ಇತ್ತು, ಅಡ್ಡಪರಿಣಾಮ ತಾಳದೆ ಬಿಟ್ಟವರು ಶೇ 11ರಷ್ಟಿದ್ದರು. ಇಷ್ಟು ಓದಿದವರಿಗೆ ಒಂದು ಮಾತಂತೂ ಕಾಣುತ್ತದೆ. ಪ್ರಯೋಜನ ಇಷ್ಟು ಏರುಪೇರಾಗಿರುವ ಔಷಧವನ್ನು ಕಣ್ಣುಮುಚ್ಚಿ ಕೊಡುವುದಕ್ಕೂ ಕಣ್ಣುಮುಚ್ಚಿ ನಿರಾಕರಿಸುವುದಕ್ಕೂ ಆಧಾರವಿಲ್ಲ. ನಿಮ್ಮ ಮಗುವಿನಲ್ಲಿ ಅದು ಏನು ಮಾಡುತ್ತಿದೆ ಎಂದು ನೋಡಲೇಬೇಕು.

ನೋಡಲು ಕರ್ನಾಟಕದಲ್ಲಿ ಏನಿದೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೆಂದೇ ವಿಭಾಗವಿದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಲ್ಪನೆ ದೇಶಕ್ಕೆ ಸಿಕ್ಕಿದ್ದೇ ಬಳ್ಳಾರಿ ಜಿಲ್ಲೆಯ ಪ್ರಯೋಗದಿಂದ. ಆದರೆ ಮಕ್ಕಳ ಮನೋವೈದ್ಯರು ದೊಡ್ಡ ನಗರಗಳಾಚೆ ಸಿಗುವುದು ಕಷ್ಟ. ಮಿಥೈಲ್‌ಫೆನಿಡೇಟ್ ಇಲ್ಲಿ ಔಷಧ ನಿಯಮಗಳ ಷೆಡ್ಯೂಲ್ ಎಕ್ಸ್‌ಗೆ ಸೇರಿದ್ದು. ಮಾದಕ ದ್ರವ್ಯ ತಡೆ ಕಾಯ್ದೆಯ ಪಟ್ಟಿಯಲ್ಲೂ ಇದೆ. ಮಾರಲು ಪ್ರತ್ಯೇಕ ಲೈಸೆನ್ಸ್ ಬೇಕು, ಚೀಟಿ ಎರಡು ಪ್ರತಿಯಲ್ಲಿರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಕಾಪಾಡಬೇಕು. ಈ ತಲೆನೋವೇ ಬೇಡವೆಂದು ಹೆಚ್ಚಿನ ಮೆಡಿಕಲ್ ಶಾಪ್‌ಗಳು ಇದನ್ನು ಇಡುವುದಿಲ್ಲ. ದುರುಪಯೋಗದ ಭಯ ನಿಜವಾದ್ದರಿಂದ ಈ ಬಿಗಿಯನ್ನು ಸಡಿಲಿಸಿ ಎನ್ನಲಾಗದು.

ಸಡಿಲಿಸಬೇಕಾದದ್ದು ಬೇರೆ ಒಂದಿದೆ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿ ಷೆಡ್ಯೂಲ್ ಎಕ್ಸ್ ಔಷಧಗಳನ್ನು ಫೋನ್ ಅಥವಾ ವಿಡಿಯೊ ಮೂಲಕ ಬರೆಯುವುದನ್ನು ನಿಷೇಧಿಸಿತು. ಮೊದಲ ಸಲ ಬರೆಯುವುದಕ್ಕೆ ಈ ನಿಷೇಧ ಸರಿ. ಆದರೆ ಎದುರಿಗೆ ಕೂರಿಸಿ ಪರೀಕ್ಷಿಸಿ, ಔಷಧ ಶುರು ಮಾಡಿಸಿದ ಅದೇ ವೈದ್ಯರು ಎರಡು ವಾರದ ನಂತರ 5ನ್ನು 10 ಮಾಡುವುದಕ್ಕೂ ಇದೇ ನಿಷೇಧ ಏಕೆ? ರಾಯಚೂರಿನ ಒಂದು ಕುಟುಂಬ ಎಂದುಕೊಳ್ಳಿ. ಅಪ್ಪನಿಗೆ ರಜೆ, ಮಗುವಿಗೆ ಶಾಲೆ ತಪ್ಪುತ್ತದೆ, ರಾತ್ರಿಯಿಡೀ ಬಸ್ಸು, ಬೆಳಗ್ಗೆ ಸರತಿ, ಐದು ನಿಮಿಷದ ಭೇಟಿ, ಮತ್ತೆ ಬಸ್ಸು. ಡೋಸ್ ಹೊಂದಿಸಲು ಇಂಥ ನಾಲ್ಕು ಯಾತ್ರೆ ಬೇಕಾದರೆ ಎರಡನೆಯದಕ್ಕೇ ಬಿಟ್ಟುಬಿಡುತ್ತಾರೆ. ಕಡಿಮೆ ಡೋಸಿನಲ್ಲೇ ಮಗು ಉಳಿಯುತ್ತದೆ, ‘ಇಂಗ್ಲಿಷ್ ಔಷಧಿಯೂ ನೋಡಿಯಾಯ್ತು’ ಎಂಬ ನಿರಾಸೆ ಮನೆಯಲ್ಲಿ ಉಳಿಯುತ್ತದೆ. ಮೊದಲ ಭೇಟಿ ಮುಖತಃ, ಡೋಸ್ ಬದಲಾವಣೆಗೆ ವಿಡಿಯೊ, ತಾಲ್ಲೂಕು ಆಸ್ಪತ್ರೆಯಲ್ಲಿ ತೂಕ-ನಾಡಿ-ರಕ್ತದೊತ್ತಡ, ಅಲ್ಲಿಂದಲೇ ಔಷಧ: ಇಷ್ಟಕ್ಕೆ ನಿಯಮ ತಿದ್ದುವುದು ಅಸಾಧ್ಯವೇನಲ್ಲ. ಫೋನ್ ಮೂಲಕ ಮಾನಸಿಕ ಆರೋಗ್ಯದ ನೆರವು ಕೊಡುವ ಟೆಲಿ-ಮಾನಸ್‌ನ 14416 ಸಹಾಯವಾಣಿಗೆ ದೇಶಮಟ್ಟದಲ್ಲಿ ಬೆನ್ನೆಲುಬಾಗಿ ನಿಂತದ್ದೇ ನಿಮ್ಹಾನ್ಸ್. ಅನುಭವ ಇಲ್ಲೇ ಇದೆ.

ಅಮೆರಿಕದಿಂದ ಬೆಂಗಳೂರಿಗೆ ಮರಳುವ ಕನ್ನಡ ಕುಟುಂಬಗಳದು ಮತ್ತೊಂದು ಬಗೆಯ ಕಷ್ಟ. ಅಲ್ಲಿ ಮಗುವಿಗೆ ಹೊಂದಿದ್ದದ್ದು ಆ್ಯಂಫೆಟಮಿನ್ ಜಾತಿಯ ಆ್ಯಡರಾಲ್. ಇಲ್ಲಿ ಅದು ಮಾರುಕಟ್ಟೆಯಲ್ಲಿಲ್ಲ. ಮಿಥೈಲ್‌ಫೆನಿಡೇಟಿಗೆ ಬದಲಿಸುವಾಗ ಅಷ್ಟಕ್ಕೆ ಅಷ್ಟೇ ಮಿಲಿಗ್ರಾಂ ಎಂಬ ಲೆಕ್ಕ ನಡೆಯುವುದಿಲ್ಲ, ಹುಡುಕಾಟ ಮತ್ತೆ ಮೊದಲಿನಿಂದ. ಹೊಸ ಶಾಲೆ, ಹೊಸ ಊರು, ಹೊಸ ಔಷಧ ಮೂರೂ ಒಂದೇ ಜೂನ್‌ನಲ್ಲಿ ಬಂದರೆ ಮಗುವಿನ ಚಡಪಡಿಕೆ ಯಾವುದರಿಂದ ಎಂದು ಹೇಳುವುದು ಯಾರಿಂದಲೂ ಆಗದು.

ಶಾಲೆಗಳಿಂದ ಬೇಕಾದದ್ದು ಹೆಚ್ಚಲ್ಲ. ಡೋಸ್ ಹೊಂದಿಸುವ ವಾರಗಳಲ್ಲಿ ದಿನಕ್ಕೆ ಎರಡು ನಿಮಿಷ, ಒಂದು ಹಾಳೆ. ಬೆಳಗಿನ ಪೀರಿಯಡ್‌ನಲ್ಲಿ ಶುರು ಮಾಡಿದ ಕೆಲಸ ಮುಗಿಸಿದನೇ, ಊಟದ ನಂತರ ಮುಗಿಸಿದನೇ, ಊಟ ಮಾಡಿದನೇ, ಗೆಳೆಯರ ಜೊತೆ ಆಡಿದನೇ, ಮಂಕಾಗಿದ್ದನೇ? ‘ಸುಮ್ಮನೆ ಕೂತಿದ್ದನೇ’ ಎಂಬ ಪ್ರಶ್ನೆಯನ್ನು ಆ ಹಾಳೆಯಿಂದ ಬಿಟ್ಟರೂ ನಷ್ಟವಿಲ್ಲ. ಮನೆಯಲ್ಲಿ ಇಂಥದ್ದೇ ಇನ್ನೊಂದು ಹಾಳೆ ಇರಲಿ. ಮಗುವಿಗೊಂದು ಪ್ರಶ್ನೆಯನ್ನು ಡಾಕ್ಟರೇ ಕೇಳಬೇಕು, ಅಪ್ಪ-ಅಮ್ಮನನ್ನು ಐದು ನಿಮಿಷ ಹೊರಗೆ ಕೂರಿಸಿ: ಮಾತ್ರೆ ತೆಗೆದುಕೊಂಡ ದಿನ ನಿನಗೆ ಹೇಗನಿಸುತ್ತದೆ? ಎಂಟು ವರ್ಷದ ಮಗುವೂ ಇದಕ್ಕೆ ಉತ್ತರ ಕೊಡಬಲ್ಲದು.

ವರ್ಷಕ್ಕೊಮ್ಮೆಯಾದರೂ ಔಷಧ ಇನ್ನೂ ಬೇಕೇ ಎಂದು ಪರಿಶೀಲಿಸಬೇಕೆಂದು ‘ನೈಸ್’ ಹೇಳುತ್ತದೆ. ಕೆಲವು ದಿನ ನಿಲ್ಲಿಸಿ ನೋಡುವುದೂ ಅದರಲ್ಲಿ ಸೇರಿದೆ. ನಮ್ಮ ಮನೆಗಳಲ್ಲಿ ಇದಕ್ಕೆ ಆರಿಸಿಕೊಳ್ಳುವುದು ಬೇಸಿಗೆ ರಜೆ, ಇಲ್ಲವೇ ದಸರಾ ರಜೆ. ಹಸಿವು, ಬೆಳವಣಿಗೆಯ ದೃಷ್ಟಿಯಿಂದ ರಜೆಯ ಬಿಡುವಿಗೆ ಅರ್ಥವಿದೆ. ಆದರೆ ಅಜ್ಜಿಯ ಊರಿನ ತೋಟದಲ್ಲಿ ಓಡಾಡುವ ಹುಡುಗನಿಗೆ ಗಮನದ ಪರೀಕ್ಷೆಯೇ ಇರುವುದಿಲ್ಲ. ‘ಮಾತ್ರೆ ಇಲ್ಲದೆಯೂ ಚೆನ್ನಾಗಿದ್ದ’ ಎಂಬ ತೀರ್ಪು ಜೂನ್ ಎರಡನೇ ವಾರಕ್ಕೆ ಕುಸಿಯುತ್ತದೆ. ನೋಡುವುದಾದರೆ ಪಾಠ ನಡೆಯುತ್ತಿರುವ, ಪರೀಕ್ಷೆ ದೂರವಿರುವ ವಾರಗಳು ಒಳ್ಳೆಯದು. ಜುಲೈ ಕೊನೆ, ಇಲ್ಲವೇ ನವೆಂಬರ್. ಡಾಕ್ಟರು ಒಪ್ಪಿದ ಮೇಲೆ ಎರಡು ವಾರ, ಅದೇ ಹಾಳೆ, ಅದೇ ಪ್ರಶ್ನೆಗಳು. ಯಾವ ವಾರ ಮಾತ್ರೆ ಇತ್ತು, ಯಾವ ವಾರ ಇರಲಿಲ್ಲ ಎಂಬುದನ್ನು ಹಾಳೆ ತುಂಬುವ ಶಿಕ್ಷಕರಿಗೆ ಮುಂಚೆ ಹೇಳದಿದ್ದರೆ ಇನ್ನೂ ಉತ್ತಮ.